ತಲೆಗೊಂದು ಬಿಲ್ಲು, ಬಾಗಿಲಲ್ಲಿ ಸಾಲು

1988ರಲ್ಲಿ ಸ್ಕಾಟ್ಲೆಂಡಿನ ಮನೆಮನೆಗೂ ಒಂದು ನಮೂನೆ ಬಂತು. ಈ ಮನೆಯಲ್ಲಿ ಹದಿನೆಂಟು ತುಂಬಿದವರು ಯಾರ್ಯಾರಿದ್ದಾರೆ ಎಂಬುದನ್ನು ಮನೆಯ ‘ಜವಾಬ್ದಾರ ವ್ಯಕ್ತಿ’ ಬರೆದು, ಸಹಿ ಹಾಕಿ ಕಳಿಸಬೇಕು. ಕಳಿಸದಿದ್ದರೆ 50 ಪೌಂಡ್ ದಂಡ, ಮತ್ತೆ ತಪ್ಪಿದರೆ 200. ನೋಡಲು ಮತದಾರರ ಪಟ್ಟಿಯ ಅರ್ಜಿಯಂಥದೇ ಕಾಗದ. ಆದರೆ ಅದು ಎಬ್ಬಿಸಿದ ಪ್ರಶ್ನೆಗಳು ಬೇರೆಯವು. ಓದಲು ಬೇರೆ ಊರಿಗೆ ಹೋದ ಮಗನ ಹೆಸರನ್ನು ಇಲ್ಲಿ ಬರೆಯಬೇಕೋ, ಅಲ್ಲಿ ಬರೆಯಬೇಕೋ? ವಾರಕ್ಕೆರಡು ರಾತ್ರಿ ಬಂದು ಉಳಿಯುವ ಗೆಳೆಯ ಈ ಮನೆಯವನೇ? ಬಿಟ್ಟುಹೋದ ಗಂಡನ ಹೆಸರು ತೆಗೆಸುವುದು ಹೇಗೆ? ಜವಾಬ್ದಾರ ಎಂದು ಸಹಿ ಹಾಕಿದರೆ ಉಳಿದವರ ಬಾಕಿಯೂ ತನ್ನ ತಲೆಗೇ ಬರುತ್ತದೆಯೇ?

ಇಂಥ ಪ್ರಶ್ನೆ ಹೊತ್ತವರು ಹೋಗಲು ಬ್ರಿಟನ್ನಿನ ಹೆಚ್ಚುಕಡಿಮೆ ಪ್ರತಿ ಪಟ್ಟಣದಲ್ಲೂ ಒಂದು ಜಾಗವಿತ್ತು: ಸಿಟಿಜನ್ಸ್ ಅಡ್ವೈಸ್ ಬ್ಯೂರೋ. ಕಾಸು ಕೇಳದೆ, ಹೆಸರು ಹೊರಗೆ ಬಿಡದೆ, ಯಾರ ಪಕ್ಷವನ್ನೂ ವಹಿಸದೆ ಸಲಹೆ ಕೊಡುವ ಕಚೇರಿ. ಮುಂದಿನ ಐದಾರು ವರ್ಷ ಮಾರ್ಗರೆಟ್ ಥ್ಯಾಚರ್ ಸರ್ಕಾರದ ತಲೆಗಂದಾಯದ ಕಥೆ ಸಂಸತ್ತಿನಲ್ಲಿ ಎಷ್ಟು ನಡೆಯಿತೋ, ಈ ಕಚೇರಿಗಳ ಬೆಂಚುಗಳ ಮೇಲೂ ಅಷ್ಟೇ ನಡೆಯಿತು. ಇತಿಹಾಸದ ಪುಸ್ತಕಗಳು ಗಲಭೆಯನ್ನೂ ಥ್ಯಾಚರ್ ಪತನವನ್ನೂ ಹೇಳಿ ಮುಗಿಸುತ್ತವೆ. ಬೆಂಚಿನ ಕಥೆ ಅದಕ್ಕಿಂತ ಉದ್ದವಾದದ್ದು.

ಮೊದಲು ತೆರಿಗೆಯ ವಿಚಾರ. ಬ್ರಿಟನ್ನಿನಲ್ಲಿ ಸ್ಥಳೀಯ ಸಂಸ್ಥೆಗಳು ಬಹುಕಾಲ ನಡೆದದ್ದು ‘ರೇಟ್ಸ್’ ಎಂಬ ತೆರಿಗೆಯಿಂದ. ಅದರ ಬೇರು 1601ರ ಬಡವರ ಕಾಯಿದೆಯಷ್ಟು ಹಳೆಯದು. ನಮ್ಮ ಮನೆಗಂದಾಯದ ಜಾತಿಗೇ ಸೇರಿದ್ದು: ಮನೆಗೆ ಎಷ್ಟು ಬಾಡಿಗೆ ಬರಬಹುದು ಎಂದು ಲೆಕ್ಕ ಹಾಕಿ, ಅದರ ಮೇಲೆ ವರ್ಷಕ್ಕೊಂದು ಬಿಲ್ಲು. ಒಂದು ಮನೆಗೆ ಒಂದೇ ಬಿಲ್ಲು, ಒಳಗೆ ಒಬ್ಬ ಮುದುಕಿ ಇರಲಿ, ದುಡಿಯುವ ಐವರು ಇರಲಿ. ಥ್ಯಾಚರ್‌ಗೆ ಇದು ಮೊದಲಿನಿಂದ ಸರಿಬರುತ್ತಿರಲಿಲ್ಲ. 1974ರಲ್ಲಿ ವಿರೋಧ ಪಕ್ಷದಲ್ಲಿದ್ದಾಗಲೇ ರೇಟ್ಸ್ ರದ್ದು ಮಾಡುವ ಮಾತು ಕೊಟ್ಟಿದ್ದರು. 1985ರಲ್ಲಿ ಸ್ಕಾಟ್ಲೆಂಡಿನಲ್ಲಿ ಮನೆಗಳ ಮರುಮೌಲ್ಯಮಾಪನವಾಗಿ ಬಿಲ್ಲುಗಳು ಏರಿದಾಗ ಅಲ್ಲಿನ ಕನ್ಸರ್ವೇಟಿವ್ ಮತದಾರರೇ ಕೆರಳಿದರು. 1986ರ ಜನವರಿಯಲ್ಲಿ ಸರ್ಕಾರದ ಹಸಿರು ಪತ್ರ ಹೊರಬಂತು. ಅದರ ವಾದ ಸರಳ: ಇಂಗ್ಲೆಂಡಿನಲ್ಲಿ ಮೂರೂವರೆ ಕೋಟಿ ಸ್ಥಳೀಯ ಮತದಾರರಿದ್ದಾರೆ, ರೇಟ್ಸ್ ಕಟ್ಟುವ ಹೊಣೆ ಇರುವುದು ಒಂದು ಕೋಟಿ ಎಂಬತ್ತು ಲಕ್ಷ ಜನಕ್ಕೆ ಮಾತ್ರ; ಉಳಿದವರು ಬೇರೆಯವರ ದುಡ್ಡಿಗೆ ಮತ ಹಾಕುತ್ತಿದ್ದಾರೆ. ಎಲ್ಲರೂ ಕಟ್ಟಿದರೆ ಎಲ್ಲರಿಗೂ ಲೆಕ್ಕ ಕೇಳುವ ಬುದ್ಧಿ ಬರುತ್ತದೆ.

ರೇಟ್ಸ್ ಬದಲು ದೊಡ್ಡವರ ತಲೆತಲೆಗೂ ಹಾಕುವ ಈ ಹೊಸ ತೆರಿಗೆಗೆ ಸರ್ಕಾರ ಇಟ್ಟ ಹೆಸರು ‘ಕಮ್ಯುನಿಟಿ ಚಾರ್ಜ್’. ಜನ ಅದನ್ನು ಒಪ್ಪದೆ ‘ಪೋಲ್ ಟ್ಯಾಕ್ಸ್’ ಎಂದೇ ಕರೆದರು. 1381ರ ರೈತ ದಂಗೆಗೆ ಕಾರಣವಾದ ತಲೆಗಂದಾಯದ ನೆನಪು ಅದರಲ್ಲಿತ್ತು. (ಭಾರತೀಯರಿಗೂ ಇಂಥ ತೆರಿಗೆಯ ನೆನಪೊಂದಿದೆ. ದಕ್ಷಿಣ ಆಫ್ರಿಕದ ನೆಟಾಲ್‌ನಲ್ಲಿ ಕರಾರು ಮುಗಿಸಿದ ಕೂಲಿಗಳ ಮೇಲೆ ಹೇರಿದ್ದ 3 ಪೌಂಡ್ ತೆರಿಗೆಯ ವಿರುದ್ಧ 1913ರಲ್ಲಿ ಗಾಂಧೀಜಿ ಸತ್ಯಾಗ್ರಹ ಹೂಡಿದ್ದರು.) ಸ್ಕಾಟ್ಲೆಂಡಿನಲ್ಲಿ 1989ರ ಏಪ್ರಿಲ್ 1ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರಿಯಾಗಿ ಒಂದು ವರ್ಷದ ನಂತರ ಅದು ಜಾರಿಗೆ ಬಂತು. ಉತ್ತರ ಐರ್ಲೆಂಡಿಗೆ ಅದು ಬರಲೇ ಇಲ್ಲ. ಅಲ್ಲಿ ಹಳೆಯ ರೇಟ್ಸೇ ಮುಂದುವರಿಯಿತು.

ಇನ್ನು ಬ್ಯೂರೋ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಮರುದಿನವೇ ಸುಮಾರು 200 ಬ್ಯೂರೋಗಳು ಬಾಗಿಲು ತೆರೆದವು. ಕಳೆದುಹೋದ ರೇಷನ್ ಪುಸ್ತಕ, ಬಾಂಬಿಗೆ ಬಿದ್ದ ಮನೆ, ಕಾಣೆಯಾದ ಸಿಪಾಯಿ ಮಗ ಅಂದಿನ ಪ್ರಶ್ನೆಗಳು. ಕುದುರೆ ಸಾಗಿಸುವ ಗಾಡಿಯನ್ನೇ ಕಚೇರಿ ಮಾಡಿಕೊಂಡು ಬಾಂಬು ಬಿದ್ದ ಬೀದಿಗಳಿಗೆ ಹೋಗಿ ಸಲಹೆ ಕೊಟ್ಟದ್ದೂ ಉಂಟು. 1980ರ ದಶಕದ ಕೊನೆಗೆ ಈ ಜಾಲಕ್ಕೆ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ವಿಚಾರಣೆಗಳು ಬರುತ್ತಿದ್ದವು. ಮೇಜಿನಾಚೆ ಕೂತವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು: ನಿವೃತ್ತ ಮೇಷ್ಟರು, ಬ್ಯಾಂಕಿನಲ್ಲಿದ್ದವರು, ಮಕ್ಕಳು ಶಾಲೆಗೆ ಹೋದ ಮೇಲೆ ಬಿಡುವಾದ ಗೃಹಿಣಿಯರು. ಅವರ ಕೈಗೆ ಲಂಡನ್ನಿನ ಕೇಂದ್ರ ಕಚೇರಿಯಿಂದ ತಿಂಗಳಿಗೊಮ್ಮೆ ಹೊಸ ಹಾಳೆಗಳು ಬರುತ್ತಿದ್ದವು. ಹಳೆಯ ಹಾಳೆ ತೆಗೆದು ಹೊಸದನ್ನು ಫೈಲಿಗೆ ಸೇರಿಸುವುದೇ ಒಂದು ಕೆಲಸ. ತೆರಿಗೆ ಹೊಸದಾದರೆ ಅದರ ಫೈಲೂ ಹೊಸದು, ಸ್ವಯಂಸೇವಕರಿಗೆ ತರಬೇತಿಯೂ ಹೊಸದು.

ಬ್ಯೂರೋಗಳು ಆಗಲೇ ಸುಸ್ತಾಗಿದ್ದವು ಎಂಬುದನ್ನು ಮರೆಯಬಾರದು. 1988ರ ಏಪ್ರಿಲ್‌ನಲ್ಲಿ ದೇಶದ ಸಾಮಾಜಿಕ ಭದ್ರತೆಯ ವ್ಯವಸ್ಥೆಯೇ ಬದಲಾಗಿತ್ತು. ಇನ್‌ಕಮ್ ಸಪೋರ್ಟ್, ಬಾಡಿಗೆ ನೆರವಿನ ಹೊಸ ಲೆಕ್ಕ, ಸಹಾಯಧನದ ಬದಲು ಸಾಲ ಕೊಡುವ ಸೋಷಿಯಲ್ ಫಂಡ್ ಎಲ್ಲವೂ ಒಂದೇ ತಿಂಗಳಲ್ಲಿ ಬಂದಿದ್ದವು. ಎಷ್ಟೇ ಬಡವರಾದರೂ ಸ್ಥಳೀಯ ತೆರಿಗೆಯಲ್ಲಿ ಐದನೇ ಒಂದು ಪಾಲನ್ನಾದರೂ ಕಟ್ಟಲೇಬೇಕೆಂಬ ನಿಯಮ ಶುರುವಾದದ್ದೂ ಆಗಲೇ. ಆ ಪ್ರಶ್ನೆಗಳ ಸಾಲು ಕರಗುವ ಮೊದಲೇ ತಲೆಗಂದಾಯದ ನಮೂನೆ ಬಂತು.

ನಮೂನೆಯ ಕಾಲ ಒಂದು ರೀತಿಯಲ್ಲಿ ಸಲೀಸು. ಆಗ ಕೇಳಲು ಬಂದವರಿಗೆ ನಿಯಮ ಹೇಳಿದರೆ ಸಾಕಿತ್ತು. ಆದರೆ ನಿಯಮಗಳೇ ಕೊಂಬೆ ಕೊಂಬೆಯಾಗಿ ಒಡೆದಿದ್ದವು. ತಲೆಗಂದಾಯ ಎಂದರೆ ಒಂದೇ ತೆರಿಗೆ ಅಲ್ಲ, ಮೂರು: ಪ್ರತಿಯೊಬ್ಬನ ವೈಯಕ್ತಿಕ ಶುಲ್ಕ, ಯಾರೂ ಖಾಯಂ ಇಲ್ಲದ ಎರಡನೇ ಮನೆಗೆ ಬೇರೆ ಶುಲ್ಕ, ಜನ ಬಂದು ಹೋಗುವ ಹಾಸ್ಟೆಲುಗಳಿಗೆ ದಿನದ ಲೆಕ್ಕದ ಸಾಮೂಹಿಕ ಶುಲ್ಕ. ವಿನಾಯಿತಿಗಳ ಪಟ್ಟಿಯೂ ಉದ್ದ. ಆಸ್ತಿಯಿಲ್ಲದ ಸಂನ್ಯಾಸಿ, ಸಂನ್ಯಾಸಿನಿಯರಿಗೆ ಇಲ್ಲ. ಬೀದಿಯಲ್ಲಿ ಮಲಗುವವರಿಗೆ ಇಲ್ಲ. ಆಸ್ಪತ್ರೆಯಲ್ಲೇ ವಾಸವಾದ ರೋಗಿಗಳಿಗೆ ಇಲ್ಲ. ತೀವ್ರ ಮಾನಸಿಕ ವೈಕಲ್ಯವಿದ್ದವರಿಗೂ ಇಲ್ಲ, ಆದರೆ ವೈದ್ಯರ ಪ್ರಮಾಣಪತ್ರದ ಜೊತೆಗೆ ಗೊತ್ತಾದ ಭತ್ಯೆಗಳಲ್ಲಿ ಒಂದಾದರೂ ಬರುತ್ತಿರಬೇಕು. ಜೈಲಿನಲ್ಲಿದ್ದವರಿಗೆ ವಿನಾಯಿತಿ ಉಂಟು. ದಂಡವನ್ನೋ ಇದೇ ತೆರಿಗೆಯನ್ನೋ ಕಟ್ಟದೆ ಜೈಲಿಗೆ ಹೋದವರಿಗೆ ಮಾತ್ರ ಇಲ್ಲ. ಕಾನೂನು ಬರೆದವರಿಗೆ ಎಲ್ಲಿಂದ ಎಲ್ಲಿಯವರೆಗೂ ಯೋಚನೆ ಹೋಗಿತ್ತು ನೋಡಿ.

ಬಿಲ್ಲು ಬಂದ ಮೇಲೆ ಮಾತಿನ ಧಾಟಿ ಬದಲಾಯಿತು. ಇಂಗ್ಲೆಂಡಿನಲ್ಲಿ ಸರಾಸರಿ 278 ಪೌಂಡ್ ಸಾಕಾದೀತು ಎಂದು ಸರ್ಕಾರ ಅಂದಾಜು ಮಾಡಿತ್ತು. 1990ರ ಏಪ್ರಿಲ್‌ನಲ್ಲಿ ನಿಜವಾಗಿ ಬಂದ ಸರಾಸರಿ 360 ಪೌಂಡ್ ದಾಟಿತ್ತು. ಲಂಡನ್ನಿನೊಳಗೇ ವಾಂಡ್ಸ್‌ವರ್ತ್‌ನಲ್ಲಿ 148 ಪೌಂಡ್, ಹ್ಯಾರಿಂಗೆಯಲ್ಲಿ 573. ಡ್ಯೂಕನಿಗೂ ಅವನ ತೋಟದ ಮಾಲಿಗೂ ಒಂದೇ ಬಿಲ್ಲು ಎಂಬ ಟೀಕೆ ಎಲ್ಲರ ಬಾಯಲ್ಲೂ ಇತ್ತು.

ಮನೆಯಲ್ಲಿ ತಲೆ ಹೆಚ್ಚಿದ್ದಷ್ಟೂ ಹೊರೆ ಹೆಚ್ಚು. ಬ್ರಾಡ್‌ಫರ್ಡ್, ಲೆಸ್ಟರ್‌ಗಳಂಥ ಊರುಗಳಲ್ಲಿ ಸಣ್ಣ ಸಾಲುಮನೆಯಲ್ಲಿ ಅಜ್ಜ ಅಜ್ಜಿ, ಮಗ ಸೊಸೆ, ಮದುವೆಯಾಗದ ಮಗಳು ಒಟ್ಟಿಗಿದ್ದ ದಕ್ಷಿಣ ಏಷ್ಯದ ಕುಟುಂಬಗಳಿಗೆ ಇದು ನೇರವಾಗಿ ತಟ್ಟಿತು. ಹ್ಯಾರಿಂಗೆಯ ದರದಲ್ಲಿ ಲೆಕ್ಕ ಹಾಕಿದರೆ ಐವರು ದೊಡ್ಡವರಿದ್ದ ಮನೆಗೆ ವರ್ಷಕ್ಕೆ 2,865 ಪೌಂಡ್. ಅದೇ ಬೀದಿಯ ದೊಡ್ಡ ಮನೆಯಲ್ಲಿ ಒಬ್ಬನೇ ಇರುವವನಿಗೆ 573. ಅವಿಭಕ್ತ ಕುಟುಂಬವನ್ನು ಕಂಡಿರುವ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಂಗಸರ ಪಾಡು ಇನ್ನೂ ಬೇರೆ. ಸ್ವಂತ ಆದಾಯ ಒಂದು ಕಾಸೂ ಇಲ್ಲದ ಗೃಹಿಣಿಯ ಹೆಸರಿಗೂ ಪೂರ್ತಿ ಬಿಲ್ಲು ಬಂತು. ರಿಯಾಯಿತಿ ಕೇಳಿದರೆ ಗಂಡನ ಸಂಬಳ ಸೇರಿಸಿ ಲೆಕ್ಕ ಹಾಕುತ್ತಿದ್ದರು. ತಲೆತಲೆಗೂ ಪ್ರತ್ಯೇಕ ತೆರಿಗೆ ಎಂದು ಹೇಳಿದ ಕಾನೂನೇ, ಗಂಡ ಹೆಂಡತಿಯಲ್ಲಿ ಒಬ್ಬರು ಕಟ್ಟದಿದ್ದರೆ ಇನ್ನೊಬ್ಬರಿಂದ ವಸೂಲಿ ಮಾಡಬಹುದು ಎಂದೂ ಹೇಳುತ್ತಿತ್ತು. ಮದುವೆಯಾಗದೆ ದಂಪತಿಯಂತೆ ಒಟ್ಟಿಗೆ ಬಾಳುವವರಿಗೂ ಇದೇ ನಿಯಮ. ಹೀಗಾಗಿ ಸಲಹೆಗಾರರು ತೆರಿಗೆಯ ಪ್ರಶ್ನೆ ಬಿಡಿಸಲು ಹೋಗಿ ಸಂಸಾರದ ಪ್ರಶ್ನೆಯೊಳಗೆ ಸಿಕ್ಕಿಕೊಳ್ಳುತ್ತಿದ್ದರು.

ರಿಯಾಯಿತಿಯ ಅರ್ಜಿ ಇನ್ನೊಂದು ದೊಡ್ಡ ಬಾಬ್ತು. ಗರಿಷ್ಠ ರಿಯಾಯಿತಿ ನೂರಕ್ಕೆ ಎಂಬತ್ತು. ವಿದ್ಯಾರ್ಥಿಗಳೂ ನಿರುದ್ಯೋಗಿಗಳೂ ಉಳಿದ ಇಪ್ಪತ್ತನ್ನು ಕಟ್ಟಲೇಬೇಕು. 16,000 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದರೆ ರಿಯಾಯಿತಿಯೇ ಇಲ್ಲ. ಜೀವಮಾನವೆಲ್ಲ ಕೂಡಿಟ್ಟ ಪಿಂಚಣಿದಾರರು ಈ ಗೆರೆಯ ಆಚೆ ಈಚೆ ನಿಂತು ಕಂಗಾಲಾದರು. ಹಳೆಯ ರೇಟ್ಸಿಗೂ ಹೊಸ ಬಿಲ್ಲಿಗೂ ಅಂತರ ತೀರ ದೊಡ್ಡದಾದವರಿಗೆ ಪರಿವರ್ತನಾ ಪರಿಹಾರ ಎಂಬ ಮತ್ತೊಂದು ಲೆಕ್ಕವಿತ್ತು. ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆ ಈ ತೆರಿಗೆಯೊಂದಕ್ಕೇ ಕೈಪಿಡಿ ಹೊರಡಿಸಿತು. ಒಂದು ತೆರಿಗೆಯನ್ನು ಅರ್ಥ ಮಾಡಿಕೊಳ್ಳಲು ಪುಸ್ತಕವೇ ಬೇಕಾದರೆ, ಆ ತೆರಿಗೆಯ ಖರ್ಚಿನಲ್ಲಿ ಪುಸ್ತಕ ಓದಿ ಹೇಳುವವರ ಗಂಟೆಗಳನ್ನೂ ಸೇರಿಸಬೇಕು. ಸರ್ಕಾರದ ಯಾವ ಅಂದಾಜಿಗೂ ಆ ಲೆಕ್ಕ ಸೇರಲಿಲ್ಲ.

1990ರ ಮಾರ್ಚ್ 31ರ ಶನಿವಾರ, ಇಂಗ್ಲೆಂಡಿನಲ್ಲಿ ತೆರಿಗೆ ಶುರುವಾಗುವ ಹಿಂದಿನ ದಿನ, ಸುಮಾರು ಎರಡು ಲಕ್ಷ ಜನ ಲಂಡನ್ನಿನ ಕೆನಿಂಗ್‌ಟನ್ ಪಾರ್ಕಿನಿಂದ ಟ್ರಫಾಲ್ಗರ್ ಚೌಕಕ್ಕೆ ನಡೆದರು. ಗಲಭೆಯಾಯಿತು, 339 ಜನ ಬಂಧಿತರಾದರು. ಆ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ‘ಕಟ್ಟಲಾರೆವು, ಕಟ್ಟುವುದಿಲ್ಲ’ ಎಂದವರ ಸಂಘಗಳು ಊರೂರಲ್ಲಿ ಎದ್ದವು. ಅವೂ ಜನರಿಗೆ ಸಲಹೆ ಕೊಡುತ್ತಿದ್ದವು. ಬ್ಯೂರೋಗೆ ಆ ಸ್ವಾತಂತ್ರ್ಯ ಇರಲಿಲ್ಲ. ‘ಕಟ್ಟಲೇ, ಬೇಡವೇ?’ ಎಂದು ಯಾರಾದರೂ ಕೇಳಿದರೆ, ಕಟ್ಟದಿದ್ದರೆ ಏನೇನಾಗುತ್ತದೆ ಎಂದು ಹೇಳಬಹುದಿತ್ತೇ ಹೊರತು ಕಟ್ಟಬೇಡಿ ಎನ್ನುವಂತಿರಲಿಲ್ಲ. ಆದರೆ ಮೇಜಿಗೆ ಬಂದ ಪ್ರಕರಣಗಳನ್ನು ಬರೆದಿಟ್ಟು, ನೀತಿ ಎಲ್ಲಿ ಎಡವುತ್ತಿದೆ ಎಂದು ಮೇಲಿನವರಿಗೆ ತಿಳಿಸುವುದೂ ಬ್ಯೂರೋಗಳ ಘೋಷಿತ ಗುರಿಗಳಲ್ಲಿ ಒಂದಾಗಿತ್ತು.

ಇಲ್ಲೊಂದು ಇಕ್ಕಟ್ಟಿತ್ತು, ಅದನ್ನು ನೇರವಾಗಿಯೇ ಹೇಳಬೇಕು. ಬಹುಪಾಲು ಬ್ಯೂರೋಗಳ ಬಾಡಿಗೆ, ವ್ಯವಸ್ಥಾಪಕರ ಸಂಬಳ, ದೂರವಾಣಿ ಬಿಲ್ಲು ನಡೆಯುತ್ತಿದ್ದದ್ದು ಊರಿನ ಕೌನ್ಸಿಲಿನ ಅನುದಾನದಿಂದ. ಬಿಲ್ಲು ಕಳಿಸಿದ್ದು ಕೌನ್ಸಿಲು, ಆ ಬಿಲ್ಲನ್ನು ಪ್ರಶ್ನಿಸುವುದು ಹೇಗೆಂದು ಹೇಳಿಕೊಡುವವರಿಗೆ ದುಡ್ಡು ಕೊಡುವುದೂ ಅದೇ ಕೌನ್ಸಿಲು. ಕೆಲಸ ಹೆಚ್ಚಿದಾಗ ಅನುದಾನ ಹೆಚ್ಚಬೇಕು. ಆದರೆ ತೆರಿಗೆ ವಸೂಲಾಗದಿದ್ದರೆ ಕೌನ್ಸಿಲಿನ ಬಳಿ ಹಣವಿರುವುದಿಲ್ಲ. ಅದರ ಮೇಲೆ 1990ರಲ್ಲಿ ಸರ್ಕಾರ ಸುಮಾರು ಇಪ್ಪತ್ತು ಕೌನ್ಸಿಲುಗಳ ಶುಲ್ಕಕ್ಕೆ ಮಿತಿ ಹಾಕಿತು. ಅಲ್ಲಿ ಖರ್ಚು ಕಡಿಯಬೇಕಾಯಿತು, ಬಿಲ್ಲುಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿ ಕಳಿಸಬೇಕಾಯಿತು. ಎರಡನೇ ಬಿಲ್ಲು ಕೈಗೆ ಬಂದವನು ಮೊದಲನೆಯದನ್ನು ಏನು ಮಾಡಬೇಕು? ಮತ್ತೆ ಬ್ಯೂರೋ.

ಬೇಸಿಗೆಯಲ್ಲಿ ಪ್ರಶ್ನೆಗಳು ನ್ಯಾಯಾಲಯಕ್ಕೆ ಹೋದವು. 1990ರ ಜೂನ್‌ನಲ್ಲಿ ಐಲ್ ಆಫ್ ವೈಟ್ ದ್ವೀಪದ ಮೆಡೀನಾ ಕೌನ್ಸಿಲು ಸುಮಾರು 1,900 ಬಾಕಿದಾರರಿಗೆ ಸಮನ್ಸ್ ಕೊಡಿಸಿ ನ್ಯೂಪೋರ್ಟ್‌ನ ಮ್ಯಾಜಿಸ್ಟ್ರೇಟರ ಮುಂದೆ ಕರೆಸಿತು. ಇಂಗ್ಲೆಂಡಿನಲ್ಲಿ ಅದೇ ಮೊದಲು. ಪ್ರಕರಣಗಳು ಬಿದ್ದುಹೋದವು. ಕಾರಣ ಸಿದ್ಧಾಂತವೂ ಅಲ್ಲ, ಪ್ರತಿಭಟನೆಯೂ ಅಲ್ಲ: ಜ್ಞಾಪನ ಪತ್ರಗಳನ್ನು ಕೌನ್ಸಿಲು ನಿಧಾನವಾಗಿ ಹೋಗುವ ಎರಡನೇ ದರ್ಜೆಯ ಅಂಚೆಯಲ್ಲಿ ಕಳಿಸಿತ್ತು, ಕಾನೂನು ಹೇಳಿದಷ್ಟು ದಿನ ಜನರಿಗೆ ಸಿಕ್ಕಿರಲಿಲ್ಲ. ತಲೆಗಂದಾಯದ ಇಡೀ ಇತಿಹಾಸದಲ್ಲಿ ಅಂಚೆ ಚೀಟಿಯ ಈ ಪ್ರಸಂಗಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ತಾರೀಖು ನೋಡಿ, ಲಕೋಟೆ ಇಟ್ಟುಕೊಳ್ಳಿ ಎಂಬ ಸಲಹೆ ಎಷ್ಟು ಬೆಲೆಯದ್ದು ಎಂಬುದನ್ನು ಅದು ತೋರಿಸಿತು.

ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಒಂದೇ ದಿನಕ್ಕೆ ನೂರಾರು, ಕೆಲವೆಡೆ ಸಾವಿರಾರು ಬಾಕಿದಾರರನ್ನು ಕರೆಸುತ್ತಿದ್ದರು. ವಕೀಲರಿಲ್ಲ; ಇಂಥ ವಿಚಾರಣೆಗೆ ಸರ್ಕಾರಿ ಕಾನೂನು ನೆರವೂ ಸುಲಭವಾಗಿ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿಕೊಡಲು ಒಬ್ಬ ಗೆಳೆಯನನ್ನಾದರೂ ಬಿಡಿ ಎಂದರೆ ಕೆಲವು ಕೋರ್ಟುಗಳು ಒಪ್ಪಲಿಲ್ಲ. ಲೆಸ್ಟರ್‌ನ ದಂಪತಿಯೊಬ್ಬರು ಇದನ್ನು ಮೇಲಿನವರೆಗೂ ಒಯ್ದರು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧದ ಆದೇಶವನ್ನು ರದ್ದು ಮಾಡಿ, ವಕೀಲರಿಲ್ಲದ ಕಕ್ಷಿದಾರನಿಗೆ ನ್ಯಾಯಸಮ್ಮತ ನೆರವು ಪಡೆಯುವ ಅವಕಾಶವಿದೆ ಎಂದಿತು. ಇಂದಿಗೂ ಇಂಗ್ಲೆಂಡಿನಲ್ಲಿ ಸ್ವಂತವಾಗಿ ವಾದಿಸುವವರು ಜೊತೆಗೊಬ್ಬರನ್ನು ಕರೆದೊಯ್ಯುವಾಗ ಈ ತೀರ್ಪಿನ ನೆರಳಿನಲ್ಲೇ ಹೋಗುತ್ತಾರೆ. 1992ರ ಫೆಬ್ರುವರಿಯಲ್ಲಿ ಕವೆಂಟ್ರಿಯ ಪ್ರಕರಣವೊಂದರಲ್ಲಿ, ಕೌನ್ಸಿಲಿನ ಕಂಪ್ಯೂಟರ್ ಅಚ್ಚು ಹಾಕಿದ ಬಾಕಿ ಪಟ್ಟಿ ಆ ವಿಚಾರಣೆಗಳಲ್ಲಿ ಸಾಕ್ಷ್ಯವಾಗಿ ನಿಲ್ಲದು ಎಂದು ಹೈಕೋರ್ಟು ಹೇಳಿತು. ಸರ್ಕಾರ ಗಡಿಬಿಡಿಯಲ್ಲಿ ನಿಯಮ ತಿದ್ದಿತು. ಬ್ಯೂರೋದ ಫೈಲಿಗೆ ಮತ್ತೊಂದು ಹಾಳೆ.

ಸ್ಕಾಟ್ಲೆಂಡಿನಲ್ಲಿ ದಾರಿ ಬೇರೆ, ಇನ್ನೂ ಕಠಿಣ. ಅಲ್ಲಿ ಕೌನ್ಸಿಲುಗಳು ವಿಚಾರಣೆಯೇ ಇಲ್ಲದೆ ಸಾರಾಸಗಟಾಗಿ ವಾರಂಟು ಪಡೆಯುತ್ತಿದ್ದವು, ಬಾಕಿಯ ಮೇಲೆ ನೂರಕ್ಕೆ ಹತ್ತು ದಂಡ ಬೀಳುತ್ತಿತ್ತು. ಆಮೇಲೆ ಶೆರಿಫ್ ಆಫೀಸರು, ಅಂದರೆ ನಮ್ಮ ಕೋರ್ಟಿನ ಅಮೀನನಂಥವನು, ಮನೆಗೆ ಬಂದು ಸಾಮಾನುಗಳಿಗೆ ಬೆಲೆ ಕಟ್ಟಿ ಹರಾಜಿಗೆ ಹಾಕಬಹುದಿತ್ತು. ಯಾವ ಸಾಮಾನನ್ನು ಮುಟ್ಟುವಂತಿಲ್ಲ ಎಂದು 1987ರ ಸ್ಕಾಟಿಷ್ ಸಾಲಗಾರರ ಕಾಯಿದೆಯಲ್ಲಿ ಪಟ್ಟಿಯಿತ್ತು. ಆ ಪಟ್ಟಿಯನ್ನು ಜನರಿಗೆ ಓದಿ ಹೇಳುವುದು ಸಲಹೆಗಾರರ ನಿತ್ಯದ ಕೆಲಸವಾಯಿತು. 1991ರ ಅಕ್ಟೋಬರ್‌ನಲ್ಲಿ ಗ್ಲಾಸ್ಗೋದಲ್ಲಿ ಇಂಥ ಹರಾಜೊಂದನ್ನು ನಿಲ್ಲಿಸಿದ ತಲೆಗಂದಾಯ ವಿರೋಧಿ ಹೋರಾಟಗಾರ ಟಾಮಿ ಶೆರಿಡನ್ ಕೋರ್ಟಿನ ಆದೇಶ ಮೀರಿದ್ದಕ್ಕೆ ಮರುವರ್ಷ ಜೈಲಿಗೆ ಹೋದರು. ಮುಂದೆ ಅವರೇ ಸ್ಕಾಟಿಷ್ ಸಂಸತ್ತಿನ ಸದಸ್ಯರಾಗಿ, ಈ ಹರಾಜುಗಳನ್ನು ರದ್ದು ಮಾಡುವ ಮಸೂದೆ ತಂದರು; 2001ರಲ್ಲಿ ಅದು ಕಾಯಿದೆಯಾಯಿತು.

ಇಂಗ್ಲೆಂಡಿನಲ್ಲಿ ಕೊನೆಯ ಅಸ್ತ್ರ ಜೈಲು. ಮೂರು ತಿಂಗಳವರೆಗೆ ಕಳಿಸಬಹುದಿತ್ತು, ಆದರೆ ಬೇಕೆಂದೇ ಕಟ್ಟಲಿಲ್ಲ ಅಥವಾ ತಪ್ಪಿತಸ್ಥ ಅಲಕ್ಷ್ಯ ಮಾಡಿದ ಎಂದು ಖಚಿತವಾದರೆ ಮಾತ್ರ. ಅನೇಕ ಮ್ಯಾಜಿಸ್ಟ್ರೇಟರು ಆ ‘ಮಾತ್ರ’ವನ್ನು ಓದಲೇ ಇಲ್ಲ. 1991ರ ಮಾರ್ಚ್ 25ರಂದು ಪೂಲ್ ಪಟ್ಟಣದ ಕೋರ್ಟು ಆದಾಯವೂ ಆಸ್ತಿಯೂ ಇಲ್ಲದ ಒಬ್ಬನನ್ನು 325 ಪೌಂಡ್ ಬಾಕಿಗಾಗಿ 30 ದಿನ ಜೈಲಿಗೆ ಕಳಿಸಿತು. ಪಕ್ಕದಲ್ಲಿ ವಕೀಲರಿರಲಿಲ್ಲ. ಜಾಮೀನು ಸಿಗುವ ಹೊತ್ತಿಗೆ 11 ದಿನ ಕಳೆದಿತ್ತು. ಅದೇ ವರ್ಷ ಹೈಕೋರ್ಟು ಆ ಆದೇಶ ತಪ್ಪು ಎಂದಿತು. 1996ರ ಜೂನ್ 10ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಜೈಲಿನ ಭಯವಿದ್ದಲ್ಲಿ ವಕೀಲರ ನೆರವು ಸಿಗಲೇಬೇಕಿತ್ತು ಎಂದು ಬ್ರಿಟನ್ನಿನ ವಿರುದ್ಧ ತೀರ್ಪು ಕೊಟ್ಟಿತು. ತೆರಿಗೆ ಸತ್ತು ಮೂರು ವರ್ಷವಾಗಿತ್ತು.

ತೆರಿಗೆಗಿಂತ ಮೊದಲೇ ಥ್ಯಾಚರ್ ಹೋಗಿದ್ದರು, 1990ರ ನವೆಂಬರ್‌ನಲ್ಲಿ. ಅವರ ನಂತರ ಬಂದ ಜಾನ್ ಮೇಜರ್ ಸರ್ಕಾರ 1991ರ ಮಾರ್ಚ್ ಬಜೆಟ್ಟಿನಲ್ಲಿ ವ್ಯಾಟ್ ಅನ್ನು ನೂರಕ್ಕೆ 15ರಿಂದ 17.5ಕ್ಕೆ ಏರಿಸಿ, ಆ ಹಣದಿಂದ ತಲೆಗೆ 140 ಪೌಂಡ್ ಇಳಿಸಿತು. ಒಳ್ಳೆಯ ಸುದ್ದಿಯೇ. ಆದರೆ ಹೊಸ ವರ್ಷದ ಬಿಲ್ಲುಗಳು ಆಗಲೇ ಸಿದ್ಧವಾಗಿದ್ದವು. ಮತ್ತೆ ಲೆಕ್ಕ, ಮತ್ತೆ ಬಿಲ್ಲು, ಮತ್ತೆ ಪ್ರಶ್ನೆ. 1993ರ ಏಪ್ರಿಲ್ 1ರಂದು ಕೌನ್ಸಿಲ್ ಟ್ಯಾಕ್ಸ್ ಬಂತು: ಮನೆಯ ಬೆಲೆಗೆ ತಕ್ಕಂತೆ ಎಂಟು ದರ್ಜೆ, ಒಬ್ಬರೇ ಇದ್ದರೆ ಕಾಲು ಭಾಗ ರಿಯಾಯಿತಿ, ತೀರ ಬಡವರಿಗೆ ಪೂರ್ತಿ ಮಾಫಿ. ಬೆಲೆ ಕಟ್ಟಲು ಎಷ್ಟೋ ಕಡೆ ಕಾರಿನಲ್ಲಿ ಕೂತು ಬೀದಿ ನೋಡುತ್ತಾ ಹೋದರು. ಬ್ಯೂರೋಗಳಿಗೆ ದರ್ಜೆಯ ಮೇಲ್ಮನವಿಗಳು ಬಂದವು. ಅದೇ ಮೇಜಿನ ಇನ್ನೊಂದು ಬದಿಯಲ್ಲಿ ತಲೆಗಂದಾಯದ ಬಾಕಿದಾರರು ಇನ್ನೂ ಕೂತಿದ್ದರು.

ಇದರಿಂದ ಪಾಠ ಕಲಿತರೇ? ಹಾಗೇನೂ ಕಾಣುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಲಂಡನ್ನಿನ ಸರ್ಕಾರ ಬಡವರ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯನ್ನು ರದ್ದು ಮಾಡಿ, ಹತ್ತನೇ ಒಂದು ಪಾಲು ಹಣ ಕಡಿತ ಮಾಡಿ, ನಿಮ್ಮ ನಿಮ್ಮ ಯೋಜನೆ ನೀವೇ ಮಾಡಿಕೊಳ್ಳಿ ಎಂದು ಇಂಗ್ಲೆಂಡಿನ 326 ಕೌನ್ಸಿಲುಗಳಿಗೆ ಬಿಟ್ಟಿತು. ವೃದ್ಧರ ರಿಯಾಯಿತಿ ಮುಟ್ಟುವಂತಿರಲಿಲ್ಲ. ಹೊರೆ ದುಡಿಯುವ ವಯಸ್ಸಿನ ಬಡವರ ಮೇಲೆ ಬಿತ್ತು. ಹ್ಯಾರಿಂಗೆ ಅವರ ರಿಯಾಯಿತಿಯಲ್ಲಿ ನೂರಕ್ಕೆ 19.8 ಕಡಿಯಿತು, ಹಳೆಯ ಇಪ್ಪತ್ತರ ಆಸುಪಾಸೇ. ಜನಾಭಿಪ್ರಾಯ ಕೇಳುವಾಗ ಬೇರೆ ದಾರಿಗಳಿದ್ದದ್ದನ್ನು ಕೌನ್ಸಿಲು ಹೇಳಲಿಲ್ಲ, ಆದ್ದರಿಂದ ಆ ಸಮಾಲೋಚನೆ ಕಾನೂನುಬಾಹಿರ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಹೊತ್ತಿಗೆ ಕೌನ್ಸಿಲ್ ಟ್ಯಾಕ್ಸ್ ಬಾಕಿಯು, ಹಿಂದೆ ಕ್ರೆಡಿಟ್ ಕಾರ್ಡಿನ ಸಾಲಕ್ಕಿದ್ದ ಜಾಗ ಹಿಡಿದು, ಸಿಟಿಜನ್ಸ್ ಅಡ್ವೈಸ್ ಮುಂದೆ ಬರುವ ಸಾಲದ ಸಮಸ್ಯೆಗಳಲ್ಲಿ ಮೊದಲನೆಯದಾಗಿತ್ತು.

ಸ್ಕಾಟ್ಲೆಂಡಿನಲ್ಲಿ ಹಳೆಯ ಲೆಕ್ಕ ಮುಚ್ಚಿದ್ದು ಇನ್ನೂ ತಡವಾಗಿ. 2014ರ ಸ್ವಾತಂತ್ರ್ಯ ಜನಮತಗಣನೆಗೆ ಜನ ದೊಡ್ಡ ಸಂಖ್ಯೆಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದಾಗ, ಕೆಲವು ಕೌನ್ಸಿಲುಗಳು ಆ ಪಟ್ಟಿ ಹಿಡಿದು ಕಾಲು ಶತಮಾನದ ಹಿಂದಿನ ತಲೆಗಂದಾಯ ವಸೂಲಿ ಮಾಡಲು ಹೊರಟವು. ಸ್ಕಾಟಿಷ್ ಸಂಸತ್ತು ಕಾಯಿದೆ ಮಾಡಿ 2015ರ ಫೆಬ್ರುವರಿ 1ರಿಂದ ಆ ಬಾಕಿಯನ್ನೆಲ್ಲ ಅಳಿಸಿಹಾಕಿತು. ಪುಸ್ತಕದಲ್ಲಿ ಉಳಿದಿದ್ದ ಬಾಕಿ ಸುಮಾರು 42.5 ಕೋಟಿ ಪೌಂಡ್. ಅದರ ಹಿಂದಿನ ವರ್ಷ ಕೌನ್ಸಿಲುಗಳೆಲ್ಲ ಸೇರಿ ವಸೂಲಿ ಮಾಡಿದ್ದು 3.27 ಲಕ್ಷ. ಲೆಕ್ಕ ಚುಕ್ತಾ ಮಾಡಲು ಸರ್ಕಾರ ಅವುಗಳಿಗೆ ಕೊಟ್ಟದ್ದು 8.69 ಲಕ್ಷ ಪೌಂಡ್.